ಚಿಮಣಿ ಬಿತ್ತು, ಹೊಗೆ ಎಲ್ಲಿಂದ ಬರುತ್ತಿದೆ?



ಚಳಿಗಾಲದ ಬೆಳಿಗ್ಗೆ ಪೂಜೆಗೆ ಬರುವಾಗ ರಸ್ತೆಯ ಮೇಲೆ ಬೂದು ಪರದೆ ಕಟ್ಟಿದಂತೆ ಕಾಣುತ್ತದೆ. ಮಂಜು ಅಂದುಕೊಳ್ಳುತ್ತೇವೆ. ಮೂಗಿಗೆ ಹೊಗೆ ಬಡಿದರೆ “ಎಲ್ಲಾ ಫ್ಯಾಕ್ಟರಿಯದೇ” ಎನ್ನುತ್ತೇವೆ. ನಿಜಕ್ಕೂ ಅದು ಯಾರ ಹೊಗೆ?

ನಮ್ಮ ಸೊಲ್ಲಾಪುರದಲ್ಲಿ ಒಂದು ಕಾಲಕ್ಕೆ ಇದನ್ನು ಕೇಳಬೇಕಾಗಿರಲಿಲ್ಲ. 1877ರಲ್ಲಿ ‘ಜುನಿ ಮಿಲ್’ ಶುರುವಾಯಿತು. ಆಮೇಲೆ ಇನ್ನೂ ಕೆಲವು ಬಟ್ಟೆ ಗಿರಣಿಗಳು ಬಂದವು. ತಲೆ ಎತ್ತಿದರೆ ಚಿಮಣಿ ಕಾಣುತ್ತಿತ್ತು, ಹೊಗೆಯ ಮೂಲ ಗೊತ್ತಾಗುತ್ತಿತ್ತು. ಆದರೆ ಆ ಹೊಗೆಯೇ ಸಾವಿರಾರು ಮನೆಗಳ ರೊಟ್ಟಿಯೂ ಆಗಿತ್ತು, ಹಾಗಾಗಿ ದೂರುವವರು ಕಡಿಮೆ. ಮುಂದೆ ಆ ದೊಡ್ಡ ಗಿರಣಿಗಳು ಮುಚ್ಚಿದವು. 2023ರ ಜೂನ್‌ನಲ್ಲಿ ಸಿದ್ಧೇಶ್ವರ ಸಕ್ಕರೆ ಕಾರ್ಖಾನೆಯ ಎತ್ತರದ ಚಿಮಣಿಯನ್ನೂ ಕೆಡವಿದರು. ಕಾರಣ ಹೊಗೆಯಲ್ಲ, ಅದು ವಿಮಾನಗಳ ದಾರಿಗೆ ಅಡ್ಡವಾಗಿತ್ತು.

ಆದರೆ ಗಾಳಿಯೇನೂ ಶುದ್ಧವಾಗಿಲ್ಲ. 2019ರಲ್ಲಿ ಕೇಂದ್ರ ಸರ್ಕಾರ ಶುದ್ಧ ಗಾಳಿ ಕಾರ್ಯಕ್ರಮ ಆರಂಭಿಸಿದಾಗ, ಮಿತಿ ಮೀರಿದ ನಗರಗಳ ಪಟ್ಟಿಯಲ್ಲಿ ಸೊಲ್ಲಾಪುರವೂ ಇತ್ತು.

ಹೆಚ್ಚು ಅಪಾಯ ಕಣ್ಣಿಗೆ ಕಾಣದ ಕಣಗಳಿಂದ. 2.5 ಮೈಕ್ರಾನ್‌ಗಿಂತ ಸಣ್ಣ ಕಣವೆಂದರೆ ತಲೆಗೂದಲ ದಪ್ಪದ ಸುಮಾರು ಮೂವತ್ತನೇ ಒಂದು ಭಾಗ. ಅದು ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. 1952ರ ಡಿಸೆಂಬರ್‌ನಲ್ಲಿ ಲಂಡನ್ನಿನಲ್ಲಿ ಕಲ್ಲಿದ್ದಲ ಹೊಗೆ ಐದು ದಿನ ಕದಲದೆ ನಿಂತು ಸಾವಿರಾರು ಜನ ಸತ್ತರು. ಹೊಗೆ ಕೊಲ್ಲುತ್ತದೆಂದು ಲೋಕ ಒಪ್ಪಿದ್ದು ಬಹುಮಟ್ಟಿಗೆ ಆಗಲೇ. ಭಾರತದಲ್ಲಿ ಈ ಸಣ್ಣ ಕಣಗಳಿಗೆ ಮಿತಿ ಬಂದದ್ದು 2009ರಲ್ಲಿ: ವರ್ಷದ ಸರಾಸರಿ ಒಂದು ಘನಮೀಟರ್ ಗಾಳಿಗೆ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು ಬರೀ 5.

ಇವುಗಳ ಮೂಲ ಹುಡುಕುವುದು ಹೇಗೆ? ಫಿಲ್ಟರ್ ಮೇಲೆ ಕೂತ ಕಣಗಳನ್ನು ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ಪರೀಕ್ಷಿಸುತ್ತಾರೆ. ಪೊಟ್ಯಾಸಿಯಂ ಹೆಚ್ಚಿದ್ದರೆ ಕಟ್ಟಿಗೆ, ಬೆಳೆಯ ಕಸ ಸುಟ್ಟದ್ದರ ಸುಳಿವು. ಸಿಲಿಕಾನ್, ಅಲ್ಯೂಮಿನಿಯಂ ಇದ್ದರೆ ಮಣ್ಣಿನ ಧೂಳು. ಕಪ್ಪು ಇಂಗಾಲ ಡೀಸೆಲ್ ಕಡೆಗೂ ಬೆರಳು ತೋರಿಸುತ್ತದೆ. ಕಲ್ಲಿದ್ದಲಿನ ಗಂಧಕದ ಅನಿಲ ಗಾಳಿಯಲ್ಲಿ ದೂರ ಸಾಗುತ್ತಲೇ ಕಣವಾಗುತ್ತದೆ. ಆದ್ದರಿಂದ ಚಿಮಣಿಯ ತುದಿಯಲ್ಲಿ ಕಪ್ಪು ಹೊಗೆ ಕಾಣದಿದ್ದರೂ ಅದು ನಿರ್ದೋಷಿ ಎನ್ನಲಾಗದು.

ಈಗ ನಮ್ಮ ಸುತ್ತ ನೋಡೋಣ. ದಕ್ಷಿಣ ಸೊಲ್ಲಾಪುರದಲ್ಲಿ 1,320 ಮೆಗಾವ್ಯಾಟ್‌ನ ಎನ್‌ಟಿಪಿಸಿ ಕಲ್ಲಿದ್ದಲು ವಿದ್ಯುತ್ ಸ್ಥಾವರವಿದೆ. ಹೆದ್ದಾರಿಯಲ್ಲಿ ಲಾರಿಗಳ ಸಾಲು ಇದೆ. ಸಕ್ಕರೆ ಕಾರ್ಖಾನೆಗಳ ಬಾಯ್ಲರುಗಳಿವೆ. ಇವರನ್ನು ಪ್ರಶ್ನಿಸುವುದು ನಮ್ಮ ಹಕ್ಕು. ಆದರೆ ಅಕ್ಕಲಕೋಟೆಯ ಕಡೆ ಕಬ್ಬು ಕಡಿದ ಮೇಲೆ ರವದಿಗೆ ಬೆಂಕಿ ಇಡುವವರು ನಮ್ಮ ಕಾಕಾ, ಮಾಮಾಂದಿರೇ. ಓಣಿಯ ಮೂಲೆಯಲ್ಲಿ ಪ್ಲಾಸ್ಟಿಕ್ ಸುಡುವವರು ನಾವೇ. ಕುಳ್ಳು, ತೊಗರಿ ಕಟ್ಟಿಗೆಯ ಒಲೆಯ ಮುಂದೆ ಕೆಮ್ಮುತ್ತ ರೊಟ್ಟಿ ಬಡಿಯುವವರು ನಮ್ಮ ಅವ್ವ, ಆಯಿ. ಒಲೆಯ ಹೊಗೆಯಿಂದ ಬಡವರು ಕಾಯಿಲೆ ಬೀಳುವುದನ್ನು ಪೋಪ್ ಫ್ರಾನ್ಸಿಸ್ 2015ರ ‘ಲೌದಾತೋ ಸಿ’ ಪತ್ರದಲ್ಲಿ ಬರೆದಿದ್ದಾರೆ. ಗ್ಯಾಸ್ ತುಂಬಿಸಲು ದುಡ್ಡಿಲ್ಲದ ಮನೆಯನ್ನು ದೂರುವುದು ಬೇಡ, ಆ ಮನೆಗೆ ಸಿಲಿಂಡರ್ ಹೇಗೆ ಮುಟ್ಟಿಸುವುದು ಎಂದು ಕೂತು ಮಾತಾಡೋಣ.

ನಮ್ಮ ಹತ್ತಿರ ಪ್ರಯೋಗಾಲಯವಿಲ್ಲ. ಆದರೂ ಒಂದು ನೋಟ್‌ಬುಕ್ ಸಾಕು. ಈ ಚಳಿಗಾಲದಲ್ಲಿ ಪ್ರತಿ ಓಣಿಯಿಂದ ಇಬ್ಬರು ದಿನಾಂಕ, ಹೊತ್ತು, ಗಾಳಿಯ ದಿಕ್ಕು, ವಾಸನೆ, ಉರಿಯುತ್ತಿದ್ದ ವಸ್ತು ಇಷ್ಟನ್ನು ಬರೆದಿಡೋಣ. ನಗರಪಾಲಿಕೆಗೆ ದೂರು ಕೊಡಲು ಅದು ಆಧಾರವಾಗುತ್ತದೆ. ಹೊಲಕ್ಕೆ ಹೋದಾಗ ರವದಿಯನ್ನು ಸುಡದೆ ಸಾಲಿನಲ್ಲಿ ಹಾಸಿದರೆ ತೇವ ಉಳಿಯುತ್ತದೆಂದು ಕಾಕಾನಿಗೆ ಹೇಳೋಣ. ನಮ್ಮ ಪಟ್ಟಿಯಲ್ಲಿ ನಮ್ಮ ಮನೆಯ ಹೆಸರೇ ಮೊದಲು ಬಂದರೂ ಅಳಿಸುವುದು ಬೇಡ.