ಒಕ್ಕಣೆಯೂ ಊರ ಹೆಸರೂ

ಕಾಗದ ಬರೆಯುವಾಗ ಮೊದಲು ಒಕ್ಕಣೆ, ಆಮೇಲೆ ವಿಷಯ ಎಂಬುದು ನಮ್ಮ ಹಿರಿಯರ ಪದ್ಧತಿ. ಊರಿನಿಂದ ಬರುತ್ತಿದ್ದ ಕಾರ್ಡಿನಲ್ಲಿ ನಮಸ್ಕಾರ, ಆಶೀರ್ವಾದ, ‘ಉಭಯಕುಶಲೋಪರಿ ಸಾಂಪ್ರತ’ ಎಲ್ಲ ಮುಗಿದ ಮೇಲೆಯೇ ಮಳೆ ಬೆಳೆಯ, ಮದುವೆ ಮುಂಜಿಯ ಸುದ್ದಿ. ಒಕ್ಕಣೆ ಎಲ್ಲ ಕಾಗದಕ್ಕೂ ಒಂದೇ; ಸುದ್ದಿ ಮಾತ್ರ ಬೇರೆ. ಈ ಪದ್ಧತಿ ಅಂಚೆಯೊಡನೆ ಹುಟ್ಟಿದ್ದಲ್ಲ. ಹದಿನೈದು ಶತಮಾನಗಳ ಹಿಂದೆಯೇ ಅರಸರ ಕಚೇರಿಗಳಲ್ಲಿ ಅದು ನೆಲೆಗೊಂಡಿತ್ತು. ಅದಕ್ಕೆ ಒಳ್ಳೆಯ ಸಾಕ್ಷಿಗಳು ನಾವು ಬಂದು ನೆಲೆಸಿರುವ ಈ ನಾಗಪುರದ ಸುತ್ತಮುತ್ತಲೇ ಸಿಕ್ಕಿವೆ.

ರಾಮಟೇಕದ ಬಳಿಯ ನಗರಧನ ಹಿಂದೆ ನಂದಿವರ್ಧನ ಎಂಬ ಹೆಸರಿನ ವಾಕಾಟಕ ರಾಜಧಾನಿಯಾಗಿತ್ತು. ಆ ವಂಶದ ಇಮ್ಮಡಿ ಪೃಥಿವೀಷೇಣನ ತಾಮ್ರಪಟಗಳು ನೆರೆಯ ಬಾಲಾಘಾಟ ಜಿಲ್ಲೆಯಲ್ಲಿ ದೊರೆತವು. ಕಾಲ ಐದನೆಯ ಶತಮಾನದ ಕೊನೆ. ಅವುಗಳಲ್ಲಿ ಅರಸನ ವಂಶಾವಳಿ ಕ್ರಮವಾಗಿ ಬರುತ್ತದೆ. ಅಲ್ಲಿಗೆ ಬರೆವಣಿಗೆ ನಿಂತುಬಿಡುತ್ತದೆ. ಯಾವ ಊರನ್ನು ಕೊಟ್ಟದ್ದು, ಯಾರಿಗೆ, ಯಾವ ದಿನ, ಒಂದೂ ಇಲ್ಲ. ದಾನದ ಸಂದರ್ಭ ಬಂದಾಗ ತುಂಬಿಸಿ ಕೊಡಲೆಂದು ಕಚೇರಿಯಲ್ಲಿ ಮೊದಲೇ ಸಿದ್ಧಪಡಿಸಿಟ್ಟ ಪಟಗಳಿವು ಎಂದು ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ. ನಾಗಪುರದಲ್ಲಿ ಬಾಳಿದ ಮಹಾಮಹೋಪಾಧ್ಯಾಯ ವಾಸುದೇವ ವಿಷ್ಣು ಮಿರಾಶಿಯವರು 1963ರಲ್ಲಿ ಪ್ರಕಟವಾದ ವಾಕಾಟಕ ಶಾಸನಗಳ ಸಂಪುಟದಲ್ಲಿ ಇದನ್ನೂ ಸಂಪಾದಿಸಿದ್ದಾರೆ. ಒಕ್ಕಣೆ ಇದೆ, ಸುದ್ದಿ ಇಲ್ಲ!

ತಾಮ್ರಶಾಸನಗಳ ರಚನೆಯನ್ನು ಸ್ವಲ್ಪ ಗಮನಿಸಿದರೆ ಇದು ಸೋಜಿಗವೆನಿಸದು. ಮೊದಲು ದೇವತಾಸ್ತುತಿ, ಆಮೇಲೆ ಅರಸರ ಪ್ರಶಸ್ತಿ. ನಡುವೆ ದಾನದ ವಿವರ. ಕೊನೆಗೆ ದಾನವನ್ನು ಕೆಡಿಸಿದವರಿಗೆ ಶಾಪ. ಇವುಗಳಲ್ಲಿ ಮೊದಲಿನದೂ ಕೊನೆಯದೂ ಪಟದಿಂದ ಪಟಕ್ಕೆ ಹೆಚ್ಚು ಬದಲಾಗುವುದಿಲ್ಲ. ಅದು ಲೇಖಕನ ಸೋಮಾರಿತನವಲ್ಲ. ಪ್ರತಿ ಸಲ ಹೊಸದಾಗಿ ಬರೆದರೆ ಒಂದು ಬಿರುದು ಬಿಟ್ಟೀತು, ಒಂದು ಹೆಸರು ತಪ್ಪೀತು. ಮೊದಲೇ ಒಪ್ಪಿಗೆಯಾದ ಮಾತುಗಳಿದ್ದರೆ ಶ್ರಮ ಉಳಿಯುತ್ತದೆ. ಇದು ಅರಮನೆಯ ಪತ್ರವೇ ಎಂದು ಓದಿದವರಿಗೆ ನಂಬಿಕೆಯೂ ಬರುತ್ತದೆ.

ಇನ್ನು ನಮ್ಮವರ ಪಟಗಳನ್ನು ನೋಡೋಣ. ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ, ಅಂದರೆ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಅಲ್ಲಿನ ಮುಮ್ಮಡಿ ಕೃಷ್ಣನು ಪಟ್ಟಕ್ಕೆ ಬಂದ ಮರುವರ್ಷ, ಶಕ 862ರಲ್ಲಿ, ಅಂದರೆ ಕ್ರಿ.ಶ. 940ರಲ್ಲಿ ಕೊಟ್ಟ ತಾಮ್ರಶಾಸನ ವರ್ಧಾ ಜಿಲ್ಲೆಯ ದೇವಳಿಯಲ್ಲಿ ಸಿಕ್ಕಿತು. ಅವನದೇ ಇನ್ನೊಂದು ಶಾಸನ ಸಾತಾರಾ ಜಿಲ್ಲೆಯ ಕರ್ಹಾಡದ್ದು. ಶಕ 880, ಕ್ರಿ.ಶ. 959. ಎರಡನ್ನೂ ಸಂಪಾದಿಸಿದವರು ರಾ. ಗೋ. ಭಾಂಡಾರಕರರು. ಪಕ್ಕಪಕ್ಕದಲ್ಲಿಟ್ಟು ಓದಿದರೆ ವಂಶಪ್ರಶಸ್ತಿಯ ಬಹುಪಾಲು ಶ್ಲೋಕಗಳು ಅವೇ! ಆದರೆ ಹತ್ತೊಂಬತ್ತು ವರ್ಷಗಳಲ್ಲಿ ಅರಸನು ಚೋಳರನ್ನು ಗೆದ್ದಿದ್ದ. ಕರ್ಹಾಡದ ಪಟ ಹೊರಟದ್ದು ತಮಿಳುನಾಡಿನ ಮೇಲ್ಪಾಡಿಯ ಬೀಡಿನಿಂದ. ಆದ್ದರಿಂದ ಹಳೆಯ ಶ್ಲೋಕಗಳ ಜತೆಗೆ ಹೊಸ ಮಾತುಗಳು ಸೇರಿಕೊಂಡವು. ಕೊಟ್ಟುಬಿಟ್ಟ ತಾಮ್ರವನ್ನು ತಿದ್ದುವಂತಿಲ್ಲ. ಕಚೇರಿಯ ಮಾತೃಕೆಯನ್ನು ತಿದ್ದಿದರೆ ಮುಂದಿನ ಪಟಗಳೆಲ್ಲ ತಾವಾಗಿ ಸರಿಹೋಗುತ್ತವೆ.

ಗಣಕಯಂತ್ರದ ಕೆಲಸದಲ್ಲಿರುವ ನಮ್ಮ ಮನೆಗಳ ಮಕ್ಕಳಿಗೆ ಈ ಮಾತು ಹೊಸದಲ್ಲ. ಒಂದು ಬ್ಯಾಂಕಿಗೆ ಪ್ರೋಗ್ರಾಮು ಬರೆಯಬೇಕೆನ್ನಿ. ಖಾತೆ, ಸಾಲ, ಠೇವಣಿ, ಗ್ರಾಹಕ ಹೀಗೆ ನಲವತ್ತು ಬಗೆಯ ದಾಖಲೆಗಳು. ಒಂದೊಂದಕ್ಕೂ ಸೇರಿಸುವ, ತೋರಿಸುವ, ತಿದ್ದುವ, ಅಳಿಸುವ ಆಜ್ಞೆಗಳು ಬೇಕು. ನಲವತ್ತರಲ್ಲೂ ಸಾಲುಗಳು ಹೆಚ್ಚುಕಡಿಮೆ ಅವೇ, ಹೆಸರುಗಳು ಮಾತ್ರ ಬೇರೆ. ಆಗ ಅವರು ಹೆಸರಿನ ಜಾಗ ಖಾಲಿ ಬಿಟ್ಟು ಒಂದು ಅಚ್ಚನ್ನು ಮಾಡುತ್ತಾರೆ. ಅದಕ್ಕೆ ಟೆಂಪ್ಲೇಟು ಎನ್ನುತ್ತಾರೆ. ಹೆಸರುಗಳ ಪಟ್ಟಿ ಕೊಟ್ಟರೆ ಯಂತ್ರವೇ ನಲವತ್ತನ್ನೂ ಬರೆದುಕೊಡುತ್ತದೆ. 1959ರಲ್ಲಿ ಐ.ಬಿ.ಎಂ. 1401 ಯಂತ್ರಕ್ಕಾಗಿ ಬಂದ ಆರ್.ಪಿ.ಜಿ. ಎಂಬ ವ್ಯವಸ್ಥೆಯಲ್ಲಿಯೇ ನಮೂನೆಯನ್ನು ತುಂಬಿಸಿಕೊಟ್ಟರೆ ವರದಿ ತಯಾರಿಸುವ ಪ್ರೋಗ್ರಾಮು ಸಿದ್ಧವಾಗುತ್ತಿತ್ತು. ಹೀಗೆ ಮರುಕಳಿಸುವ ಸಾಲುಗಳಿಗೆ ಅವರಲ್ಲಿ ‘ಬಾಯ್ಲರ್‌ಪ್ಲೇಟ್’ ಎಂಬ ಹೆಸರಿದೆ. ಅದೂ ಲೋಹದ ಹೆಸರೇ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಸಣ್ಣ ಪತ್ರಿಕೆಗಳಿಗೆ ಸಿದ್ಧ ಲೇಖನಗಳು ಎರಕ ಹೊಯ್ದ ಫಲಕಗಳಲ್ಲಿ ಬರುತ್ತಿದ್ದವು. ಅಚ್ಚು ಹಾಕುವವನು ಅವನ್ನು ತಿದ್ದುವಂತಿರಲಿಲ್ಲ. ಅಲ್ಲಿಂದ ಬಂದ ಮಾತದು.

ಅನುಕೂಲವಿದ್ದಲ್ಲಿ ಅಪಾಯವೂ ಇದೆ. ಅಚ್ಚಿನಲ್ಲಿ ಒಂದು ತಪ್ಪಿದ್ದರೆ ನಲವತ್ತರಲ್ಲೂ ಅದೇ ತಪ್ಪು. ಒಂದು ಪ್ರತಿಯನ್ನು ಮಾತ್ರ ಕೈಯಿಂದ ತಿದ್ದಿಟ್ಟರೆ, ಮತ್ತೆ ಯಂತ್ರ ಬರೆದಾಗ ಆ ತಿದ್ದುಪಡಿ ಅಳಿಸಿಹೋಗುತ್ತದೆ. ಇತಿಹಾಸಕಾರನ ಪಾಡೂ ಇದೇ. ಒಂದೇ ಹೊಗಳಿಕೆ ಹತ್ತು ಪಟಗಳಲ್ಲಿ ಕಂಡಿತೆಂದು ಹತ್ತು ಸಾಕ್ಷಿಗಳಿವೆಯೆಂದು ಅವನು ಎಣಿಸಬಾರದು. ಮಾತೃಕೆ ಒಂದೇ ಆದ ಮೇಲೆ ಸಾಕ್ಷಿಯೂ ಒಂದೇ. ಹಾಗೆಂದು ಒಕ್ಕಣೆಯನ್ನು ತಳ್ಳಿಹಾಕುವಂತೆಯೂ ಇಲ್ಲ. ದಾನವೇ ಇಲ್ಲದ ಬಾಲಾಘಾಟದ ಆ ಪಟದಿಂದಲೇ ಪೃಥಿವೀಷೇಣನ ತಾಯಿ ಅಜ್ಝಿತಭಟ್ಟಾರಿಕೆ ಕುಂತಲಾಧಿಪತಿಯ ಮಗಳೆಂದು ತಿಳಿದುಬರುತ್ತದೆ. ಕುಂತಲವೆಂದರೆ ನಮ್ಮ ಕನ್ನಡನಾಡಿನ ಸೀಮೆ. ವಿದರ್ಭಕ್ಕೆ ಸೊಸೆಯಾಗಿ ಬಂದ ಆಕೆಯ ಹೆಸರು ಉಳಿದದ್ದು ಒಕ್ಕಣೆಯ ಪುಣ್ಯದಿಂದ.

ಆದರೂ ದೇವಳಿಯ ಪಟದಲ್ಲಿ ನಮ್ಮ ಮನಸ್ಸು ನಿಲ್ಲುವುದು ತುಂಬಿಸಿದ ಭಾಗದಲ್ಲಿಯೇ. ಅರಸನು ತನ್ನ ಪ್ರೀತಿಯ ತಮ್ಮ ಜಗತ್ತುಂಗನ ಪುಣ್ಯಕ್ಕಾಗಿ ತಾಲಪುರುಂಷಕ ಎಂಬ ಹಳ್ಳಿಯನ್ನು ಕೊಟ್ಟ. ಆ ಹಳ್ಳಿಯ ಎಲ್ಲೆಗಳಲ್ಲಿ ಒಂದು ನದಿ ಬರುತ್ತದೆ. ಅದು ಇಂದಿಗೂ ನಾಗಪುರಕ್ಕೆ ಕುಡಿಯುವ ನೀರು ಕೊಡುವ ಕನ್ಹಾನ್ ಎಂದು ಗುರುತಿಸಲಾಗಿದೆ. ಆ ಹಳ್ಳಿ ಇದ್ದ ನಾಡಿನ ಹೆಸರು ‘ನಾಗಪುರ–ನಂದಿವರ್ಧನ’. ಗೊಂಡ ಅರಸ ಬಖ್ತ್ ಬುಲಂದನು 1702ರ ಸುಮಾರಿಗೆ ಈ ಪಟ್ಟಣವನ್ನು ಕಟ್ಟಿಸಿದನೆಂದು ಶಾಲೆಯಲ್ಲಿ ಕಲಿಸುತ್ತಾರೆ. ಅದಕ್ಕೂ ಏಳುನೂರ ಅರವತ್ತು ವರ್ಷಗಳ ಹಿಂದೆ ನಾಗಪುರದ ಹೆಸರು ಕನ್ನಡನಾಡಿನ ಅರಸನ ತಾಮ್ರದಲ್ಲಿ ಕೊರೆಯಲ್ಪಟ್ಟಿತ್ತು. ತಮ್ಮನ ಮೇಲಿನ ಅಕ್ಕರೆ, ಹಳ್ಳಿ, ಹೊಳೆ, ಊರಿನ ಹೆಸರು ಇವು ಯಾವ ಮಾತೃಕೆಯಲ್ಲಿಯೂ ಇರಲಿಲ್ಲ. ಅಂದು ಯಾರೋ ಕೇಳಿ, ತಿಳಿದು, ಬರೆದಾಗ ಮಾತ್ರ ಉಳಿದವು.

ಒಕ್ಕಣೆಯನ್ನು ಯಂತ್ರಕ್ಕೆ ಒಪ್ಪಿಸಿದರೆ ನಷ್ಟವಿಲ್ಲ. ಊರ ಹೆಸರನ್ನು ಬರೆಯುವ ಕೈ ನಮ್ಮದೇ ಆಗಿರಬೇಕು. ನಮ್ಮ ಮನೆತನ ಯಾವ ಊರಿನದು, ಯಾವ ವರ್ಷ ಇಲ್ಲಿಗೆ ಬಂದದ್ದು, ಯಾವ ಬಡಾವಣೆಯಲ್ಲಿ ಬಿಡಾರ ಹೂಡಿದ್ದು ಎಂಬುದನ್ನು ಮಕ್ಕಳಿಗಾಗಿ ಈಗಲೇ ಬರೆದಿಡದಿದ್ದರೆ, ನಾಳೆ ಅವರ ಕೈಗೆ ಸಿಗುವುದು ಬಾಲಾಘಾಟದ ಪಟದಂಥದ್ದೇ.