ಬಹುದಿನ ನಿಂತ ಕಾರು: ನಮ್ಮ ಉಪನಗರದ ಕುಟುಂಬಗಳು ತಿಳಿದಿರಬೇಕಾದ ಸಂಗತಿಗಳು

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂಬುದು ನಮ್ಮ ಹಿರಿಯರ ಮಾತು. ದುಡಿಯದೆ ಕುಳಿತವನ ಕುರಿತು ಆಡಿದ ಈ ಮಾತು ಓಡದೆ ನಿಂತ ಇಂದಿನ ಕಾರಿಗೂ ಚೆನ್ನಾಗಿ ಒಪ್ಪುತ್ತದೆ. ಥಾಣೆ, ಡೊಂಬಿವಲಿ, ಕಲ್ಯಾಣ್ ಹಾಗೂ ನವಿ ಮುಂಬಯಿ ಪರಿಸರಗಳಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಲ್ಲಿ ಅನೇಕರಿಗೆ ಇಂದು ಸ್ವಂತ ಕಾರಿದೆ. ಆದರೆ ಕಚೇರಿಗೆ ಹೋಗಿ ಬರಲು ಲೋಕಲ್ ರೈಲೇ ಆಧಾರ. 1853ರ ಏಪ್ರಿಲ್ 16ರಂದು ದೇಶದ ಮೊದಲ ಪ್ರಯಾಣಿಕ ರೈಲು ಬೋರಿಬಂದರದಿಂದ ಓಡಿಬಂದದ್ದು ನಮ್ಮ ಥಾಣೆಗೇ. ಅಂದಿನಿಂದ ಇಂದಿನವರೆಗೆ ಈ ಭಾಗದ ಜನರ ಬದುಕು ಹಳಿಗಳ ಮೇಲೆಯೇ ಸಾಗಿದೆ. ಊರಿಗೆ ಹೋಗುವುದಕ್ಕೂ 1998ರಲ್ಲಿ ಪೂರ್ಣಗೊಂಡ ಕೊಂಕಣ ರೈಲುಮಾರ್ಗವಿದೆ. ಹೀಗಾಗಿ ಕಾರು ಸೊಸೈಟಿಯ ಪಾರ್ಕಿಂಗ್‌ನಲ್ಲಿ ವಾರಗಟ್ಟಲೆ, ಮೇ ತಿಂಗಳ ರಜೆ ಬಂತೆಂದರೆ ತಿಂಗಳುಗಟ್ಟಲೆ ನಿಂತೇ ಇರುತ್ತದೆ.

ಹಾಗಾದರೆ ಕಾರು ಯಾಕೆ ಎಂದು ಕೇಳಿದರೆ ಬಹುತೇಕರ ಉತ್ತರ ಒಂದೇ: ಮನೆಯಲ್ಲಿ ವಯಸ್ಸಾದವರಿದ್ದಾರೆ, ಹೊತ್ತಲ್ಲದ ಹೊತ್ತಿನಲ್ಲಿ ಆಸ್ಪತ್ರೆಗೆ ಓಡಬೇಕಾಗಿ ಬಂದರೆ ಇರಲಿ ಎಂದು. ನಾವೂ ಇದೇ ಉತ್ತರ ಹೇಳುತ್ತಿದ್ದವರು. ಕೆಲವು ವರ್ಷಗಳ ಹಿಂದೆ ಜುಲೈ ತಿಂಗಳ ಒಂದು ರಾತ್ರಿ, ಎರಡು ಗಂಟೆಯ ಸುಮಾರಿಗೆ ನಮ್ಮ ತಾಯಿಯವರಿಗೆ ಉಸಿರಾಟದ ತೊಂದರೆ ಕಾಣಿಸಿಕೊಂಡಿತು. ಅವರನ್ನು ಮೆಲ್ಲನೆ ಕೆಳಗಿಳಿಸಿ, ಹಿಂದಿನ ಸೀಟಿನಲ್ಲಿ ಕುಳ್ಳಿರಿಸಿ ಕೀಲಿ ತಿರುಗಿಸಿದರೆ ಟಿಕ್ ಟಿಕ್ ಎಂಬ ಸದ್ದಿನ ಹೊರತು ಬೇರೇನೂ ಇಲ್ಲ. ಆರು ವಾರಗಳಿಂದ ನಾವು ಆ ಕಾರನ್ನು ಮುಟ್ಟಿಯೇ ಇರಲಿಲ್ಲ. ವಾಚ್‌ಮನ್ ಮಳೆಯಲ್ಲೇ ಹೊರಗೋಡಿ ರಿಕ್ಷಾ ಕರೆತಂದ. ತಾಯಿಯವರು ಚೇತರಿಸಿಕೊಂಡು ಮನೆಗೆ ಬಂದರು. ಆದರೆ ರಿಕ್ಷಾಕ್ಕಾಗಿ ಕಾದ ಆ ಇಪ್ಪತ್ತು ನಿಮಿಷಗಳನ್ನು ನಾವು ಇಂದಿಗೂ ಮರೆತಿಲ್ಲ. ನಾವು ಕಲಾ ಪದವೀಧರರು, ಬ್ಯಾಂಕಿನ ನೌಕರರು, ಯಂತ್ರವಿದ್ಯೆ ಕಲಿತವರಲ್ಲ. ಆ ಘಟನೆಯ ಬಳಿಕ ಮೆಕ್ಯಾನಿಕರನ್ನು ಕೇಳಿ, ಕಾರಿನ ಕೈಪಿಡಿಯನ್ನು ಓದಿ ತಿಳಿದುಕೊಂಡ ವಿಷಯಗಳನ್ನು ಓದುಗ ಬಂಧುಗಳ ಉಪಯೋಗಕ್ಕಾಗಿ ಇಲ್ಲಿ ನೀಡಿದ್ದೇವೆ.

ಬ್ಯಾಟರಿ: ದಿನವೂ ಖರ್ಚಾಗುವ ಖಾತೆ

ಹಿಂದಿನ ಪ್ರೀಮಿಯರ್ ಪದ್ಮಿನಿಯಂತಹ ಕಾರುಗಳಲ್ಲಿ ಕೀಲಿ ತೆಗೆದರೆ ವಿದ್ಯುತ್ತಿನ ಬಳಕೆ ಬಹುತೇಕ ನಿಂತೇಹೋಗುತ್ತಿತ್ತು. ಇಂದಿನ ಕಾರು ಹಾಗಲ್ಲ; ಅದು ನಿಂತಾಗಲೂ ಪೂರ್ತಿ ನಿದ್ರಿಸುವುದಿಲ್ಲ. ಕಳ್ಳರ ಎಚ್ಚರಿಕೆ ಗಂಟೆ, ರಿಮೋಟ್ ಬೀಗ, ಗಡಿಯಾರ, ಗಣಕ ಘಟಕಗಳು ಸದಾ ಸ್ವಲ್ಪ ಸ್ವಲ್ಪ ವಿದ್ಯುತ್ತನ್ನು ಎಳೆಯುತ್ತಲೇ ಇರುತ್ತವೆ. ಸಾಮಾನ್ಯವಾಗಿ ಇದು 20ರಿಂದ 50 ಮಿಲಿ ಆಂಪಿಯರ್. ಕೇಳಲು ಅಲ್ಪವೆನಿಸಿದರೂ ಲೆಕ್ಕ ಹಾಕಿ ನೋಡಬೇಕು. 30 ಮಿಲಿ ಆಂಪಿಯರ್ ಎಂದರೆ ದಿನಕ್ಕೆ 0.72 ಆಂಪಿಯರ್-ಅವರ್. ಸಣ್ಣ ಕಾರಿನ 35 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 24 ದಿನಗಳಿಗೇ ಅರ್ಧದಷ್ಟು ಕರಗಿರುತ್ತದೆ. ಬ್ಯಾಟರಿ ಮೂರು ನಾಲ್ಕು ವರ್ಷ ಹಳೆಯದಾಗಿದ್ದರೆ ಅದರ ಸಾಮರ್ಥ್ಯವೇ ಕುಗ್ಗಿರುವುದರಿಂದ ಅಷ್ಟು ದಿನವೂ ಬೇಕಿಲ್ಲ. ಜಮೆಯೇ ಇಲ್ಲದೆ ದಿನವೂ ಶುಲ್ಕ ಕಡಿತವಾಗುವ ಉಳಿತಾಯ ಖಾತೆಯಂತೆ ಇದು. ಹಣ ಬೇಕಾದ ದಿನವೇ ಖಾತೆ ಬರಿದಾದ ಸುದ್ದಿ ತಿಳಿಯುವುದು.

ಬರಿದಾದ ಬ್ಯಾಟರಿಯನ್ನು ಹಾಗೆಯೇ ಬಿಟ್ಟರೆ ಒಳಗಿನ ಸೀಸದ ತಗಡುಗಳ ಮೇಲೆ ಗಟ್ಟಿಯಾದ ಸಲ್ಫೇಟ್ ಪದರ ಕಟ್ಟಿ, ಮತ್ತೆ ಚಾರ್ಜ್ ಮಾಡಿದರೂ ಅದು ಮೊದಲಿನಂತಾಗುವುದಿಲ್ಲ. ಪೂರ್ತಿ ಚಾರ್ಜಾದ ಬ್ಯಾಟರಿ ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12 ವೋಲ್ಟಿಗೆ ಇಳಿದರೆ ಬಹುತೇಕ ಖಾಲಿಯಾಗಿದೆ ಎಂದೇ ಅರ್ಥ. ಹೊರಗಿನಿಂದ ಜೋಡಿಸಿದ ಡ್ಯಾಶ್ ಕ್ಯಾಮೆರಾ ಅಥವಾ ಜಿಪಿಎಸ್ ಉಪಕರಣವಿದ್ದರೆ ಬಳಕೆ ಇನ್ನೂ ಹೆಚ್ಚು. ವಿದ್ಯುತ್ ಕಾರು ಕೊಂಡವರೂ ನಿಶ್ಚಿಂತರಾಗುವಂತಿಲ್ಲ. ಅದರಲ್ಲಿಯೂ ದೊಡ್ಡ ಬ್ಯಾಟರಿಯ ಜತೆಗೆ 12 ವೋಲ್ಟಿನ ಸಣ್ಣ ಬ್ಯಾಟರಿಯೊಂದಿರುತ್ತದೆ. ಅದು ಬರಿದಾದರೆ ಕಾರು ಚಾಲೂ ಆಗದು. ದೊಡ್ಡ ಬ್ಯಾಟರಿಯನ್ನು ದೀರ್ಘ ಕಾಲ ಬಿಡುವಾಗ ಪೂರ್ತಿ ತುಂಬಿಸದೆ, ಪೂರ್ತಿ ಬರಿದು ಮಾಡದೆ, ಅರ್ಧಕ್ಕಿಂತ ತುಸು ಮೇಲೆ ಇಡುವುದು ಉತ್ತಮ.

ಟಯರು ಮತ್ತು ಬ್ರೇಕು

ಟಯರಿನ ಗಾಳಿ ತಾನಾಗಿಯೇ ತಿಂಗಳಿಗೆ ಒಂದೆರಡು ಪಿಎಸ್‌ಐ ಇಳಿಯುವುದು ಸಹಜ. ಗಾಳಿ ಕಡಿಮೆಯಾದ ಟಯರು ಒಂದೇ ಜಾಗದಲ್ಲಿ ಕಾರಿನ ಭಾರ ಹೊತ್ತು ನಿಂತರೆ ತಳಭಾಗ ಚಪ್ಪಟೆಯಾಗುತ್ತದೆ. ಕೆಲವು ವಾರಗಳಿಂದಾದ ಚಪ್ಪಟೆ ಹತ್ತಿಪ್ಪತ್ತು ಕಿಲೋಮೀಟರ್ ಓಡಿಸುವಷ್ಟರಲ್ಲಿ ಸರಿಯಾಗುವುದುಂಟು. ತಿಂಗಳುಗಳಿಂದಾದದ್ದು ಶಾಶ್ವತವಾಗಿ ಉಳಿಯಬಹುದು. ಅಲ್ಲದೆ, ಕಾರು ಓಡಿದ್ದು ಕಡಿಮೆ ಎಂದು ಟಯರು ಹೊಸದಾಗಿಯೇ ಉಳಿಯುವುದಿಲ್ಲ, ರಬ್ಬರಿಗೂ ವಯಸ್ಸಿದೆ. ಟಯರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳನ್ನು ನೋಡಿರಿ. 2319 ಎಂದಿದ್ದರೆ ಅದು 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದು. ಪಕ್ಕದಲ್ಲಿ ಸಣ್ಣ ಬಿರುಕುಗಳು ಕಂಡರೆ, ಮೇಲ್ಮೈ ಎಷ್ಟೇ ಚೆನ್ನಾಗಿದ್ದರೂ ತಜ್ಞರಿಗೆ ತೋರಿಸಬೇಕು.

ಬ್ರೇಕಿನ ಡಿಸ್ಕ್ ಕಬ್ಬಿಣದ್ದು. ನಮ್ಮ ಮಳೆಗಾಲದಲ್ಲಿ ಅದು ಒಂದೇ ರಾತ್ರಿಯಲ್ಲಿ ಕಂದುಬಣ್ಣ ತಾಳುತ್ತದೆ. ತೆಳುವಾದ ಈ ತುಕ್ಕು ಮೊದಲ ನಾಲ್ಕಾರು ಬಾರಿ ಬ್ರೇಕು ಹಾಕಿದಾಗ ಉಜ್ಜಿಹೋಗುವುದರಿಂದ ಗಾಬರಿ ಬೇಡ. ಆದರೆ ವಾರಗಟ್ಟಲೆ ಹ್ಯಾಂಡ್ ಬ್ರೇಕ್ ಎಳೆದಿಟ್ಟರೆ ಹಿಂದಿನ ಚಕ್ರದ ಬ್ರೇಕು ಡ್ರಮ್ಮಿಗೆ ಅಂಟಿಕೊಂಡು ಗಾಲಿ ತಿರುಗದಂತಾಗಬಹುದು. ಸಮತಟ್ಟಾದ ಜಾಗದಲ್ಲಾದರೆ ಹ್ಯಾಂಡ್ ಬ್ರೇಕ್ ಬಿಟ್ಟು, ಮೊದಲನೆಯ ಗೇರಿನಲ್ಲಿರಿಸಿ, ಗಾಲಿಯ ಮುಂದೆ ಹಿಂದೆ ಇಟ್ಟಿಗೆ ಅಥವಾ ಮರದ ತುಂಡು ಇಡುವುದು ಹಳೆಯದಾದರೂ ಒಳ್ಳೆಯ ಪದ್ಧತಿ. ಗುಂಡಿ ಒತ್ತುವ ವಿದ್ಯುತ್ ಬ್ರೇಕಿರುವ ಕಾರುಗಳಲ್ಲಿ ಕೈಪಿಡಿ ಹೇಳಿದಂತೆ ನಡೆಯಬೇಕು.

ಇಂಧನ ಮತ್ತು ಎಂಜಿನ್

ಈ ವಿಷಯದಲ್ಲಿ ಹಳೆಯ ಕಾರಿಗಿಂತ ಇಂದಿನ ಕಾರು ಮೇಲು. ಕಾರ್ಬುರೇಟರಿನಲ್ಲಿ ಪೆಟ್ರೋಲು ಆವಿಯಾಗಿ ಅಂಟು ಉಳಿಯುತ್ತಿದ್ದ ಕಾಲ ಹೋಯಿತು. ಇಂದಿನ ಇಂಧನ ವ್ಯವಸ್ಥೆ ಭದ್ರವಾಗಿ ಮುಚ್ಚಿರುವುದರಿಂದ ಒಂದೆರಡು ತಿಂಗಳು ನಿಂತರೆ ಪೆಟ್ರೋಲು ಕೆಡುವುದಿಲ್ಲ. ಆದರೆ 2025ರ ಹೊತ್ತಿಗೆ ನಮ್ಮ ದೇಶದ ಪೆಟ್ರೋಲಿನಲ್ಲಿ ಎಥನಾಲಿನ ಪ್ರಮಾಣ ಶೇಕಡಾ 20ಕ್ಕೆ ಏರಿದೆ. ಎಥನಾಲ್ ಗಾಳಿಯ ತೇವಾಂಶವನ್ನು ಹೀರುವ ವಸ್ತು. ಆದುದರಿಂದ ಟ್ಯಾಂಕಿನ ತಳದಲ್ಲಿ ಸ್ವಲ್ಪವೇ ಇಂಧನ ಬಿಟ್ಟು ತಿಂಗಳುಗಟ್ಟಲೆ ನಿಲ್ಲಿಸುವುದಕ್ಕಿಂತ ಹೆಚ್ಚಿನ ಭಾಗ ತುಂಬಿಸಿಡುವುದು ಲೇಸು. ಎಂಜಿನ್ ಆಯಿಲನ್ನು ಓಡಿದ ಕಿಲೋಮೀಟರ್ ಲೆಕ್ಕದಲ್ಲಿ ಮಾತ್ರವಲ್ಲ, ಕಾಲದ ಲೆಕ್ಕದಲ್ಲಿಯೂ ಬದಲಿಸಬೇಕು. ವರ್ಷಕ್ಕೆ ಎರಡು ಸಾವಿರ ಕಿಲೋಮೀಟರ್ ಮಾತ್ರ ಓಡಿದೆ ಎಂದು ಸರ್ವಿಸ್ ಮುಂದೂಡುವುದು ಸರಿಯಲ್ಲ.

ಮಳೆ, ಇಲಿ ಮತ್ತು ನೆರೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳು ನಮ್ಮ ಕಾರುಗಳಿಗೆ ಪರೀಕ್ಷೆಯ ಕಾಲ. ಮುಚ್ಚಿಟ್ಟ ಕಾರಿನೊಳಗೆ ಸೀಟು, ಬೆಲ್ಟುಗಳ ಮೇಲೆ ಬೂಸರು ಬೆಳೆಯುತ್ತದೆ. ಏಸಿಯಿಂದ ಮುಗ್ಗಲು ವಾಸನೆ ಬರುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಹೊದಿಕೆ ತೇವವನ್ನು ಒಳಗೇ ಹಿಡಿದಿಡುವುದರಿಂದ ಅದಕ್ಕಿಂತ ಹೊದಿಕೆಯಿಲ್ಲದಿರುವುದೇ ವಾಸಿ.

ಇಲಿಗಳ ಉಪದ್ರವವನ್ನು ನಮ್ಮ ಸೊಸೈಟಿಗಳಲ್ಲಿ ಬಲ್ಲದವರಿಲ್ಲ. ಕಸದ ತೊಟ್ಟಿಯ ಬಳಿ, ಚರಂಡಿಯ ಪಕ್ಕ ನಿಂತ ಕಾರಿನ ಬಾನೆಟ್ಟಿನೊಳಗೆ ಗೂಡು ಕಟ್ಟಿ ವೈರುಗಳನ್ನು ಕಡಿದುಹಾಕುತ್ತವೆ. ಇಂದಿನ ಕಾರು ವೈರುಗಳ ಮೇಲೆಯೇ ನಡೆಯುವುದರಿಂದ ಒಂದು ವೈರು ತುಂಡಾದರೂ ಕಾರು ನಿಂತಂತೆಯೇ. ಹೊಗೆಸೊಪ್ಪು, ನಾಫ್ತಲೀನ್ ಗುಳಿಗೆ ಇಡುವ ರೂಢಿಯಿದ್ದರೂ ಅವುಗಳ ಮೇಲೆ ಪೂರ್ತಿ ಭರವಸೆ ಇಡುವಂತಿಲ್ಲ. ವಾರಕ್ಕೊಮ್ಮೆ ಬಾನೆಟ್ ತೆರೆದು ನೋಡುವುದು, ಕಾರಿನೊಳಗೆ ತಿಂಡಿಯ ಚೂರು ಉಳಿಯದಂತೆ ನೋಡಿಕೊಳ್ಳುವುದು, ಆಗಾಗ ಜಾಗದಿಂದ ಕದಲಿಸುವುದು, ಇವೇ ನಿಜವಾದ ಉಪಾಯಗಳು.

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಕಲ್ಯಾಣ್, ಡೊಂಬಿವಲಿ ಕಡೆಗಳಲ್ಲಿಯೂ ನೆರೆ ನುಗ್ಗಿದ್ದನ್ನು ಹಿರಿಯರು ಮರೆತಿರಲಾರರು. ತಗ್ಗಿನ ಪಾರ್ಕಿಂಗ್‌ನಲ್ಲಿ ನಿಂತ ಕಾರಿಗೆ ನೀರು ನುಗ್ಗಿದ್ದರೆ ಯಾವ ಕಾರಣಕ್ಕೂ ಸ್ಟಾರ್ಟ್ ಮಾಡಲು ಪ್ರಯತ್ನಿಸಬಾರದು. ಎಂಜಿನ್ನಿನೊಳಗೆ ಹೊಕ್ಕ ನೀರು ಸ್ಟಾರ್ಟ್ ಮಾಡಿದ ಕ್ಷಣದಲ್ಲೇ ಅದನ್ನು ಮುರಿದುಹಾಕಬಲ್ಲದು; ಇಂತಹ ಹಾನಿಗೆ ವಿಮೆಯ ಹಣ ದೊರೆಯದಿರುವ ಸಂಭವವೂ ಇದೆ. ಎಳೆಸಿಕೊಂಡು ಗ್ಯಾರೇಜಿಗೆ ಒಯ್ಯುವುದೊಂದೇ ದಾರಿ.

ಐದು ನಿಮಿಷ ಸ್ಟಾರ್ಟ್ ಮಾಡಿಟ್ಟರೆ ಸಾಕೇ?

ಸಾಲದು. 2020ರ ಮಾರ್ಚ್ 25ರಂದು ಲಾಕ್‌ಡೌನ್ ಆರಂಭವಾದ ಬಳಿಕ ನಮ್ಮಲ್ಲಿ ಹಲವರು ದಿನ ಬಿಟ್ಟು ದಿನ ಕೆಳಗಿಳಿದು ಕಾರನ್ನು ಐದು ನಿಮಿಷ ಚಾಲೂ ಮಾಡಿಡುತ್ತಿದ್ದರು. ಅದು ಸದುದ್ದೇಶದ ತಪ್ಪು. ಸ್ಟಾರ್ಟ್ ಮಾಡುವಾಗ ಬ್ಯಾಟರಿಯಿಂದ ಖರ್ಚಾದದ್ದು ನಿಂತಲ್ಲೇ ಓಡುವ ಎಂಜಿನ್ನಿನಿಂದ ಅಷ್ಟು ಬೇಗ ಮರಳಿ ಜಮೆಯಾಗುವುದಿಲ್ಲ. ಎಂಜಿನ್ ಸರಿಯಾಗಿ ಬಿಸಿಯಾಗದೆ ಆಯಿಲಿನಲ್ಲಿ, ಸೈಲೆನ್ಸರಿನಲ್ಲಿ ನೀರಿನಂಶ ಉಳಿಯುತ್ತದೆ. ಟಯರು, ಬ್ರೇಕುಗಳಿಗಂತೂ ಯಾವ ಪ್ರಯೋಜನವೂ ಇಲ್ಲ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯುವ ಶೋಧಕವಿರುತ್ತದೆ. ಅದು ಶುಚಿಯಾಗಲು ಎಂಜಿನ್ ಬಿಸಿಯಾಗಿ ಕೆಲಕಾಲ ಸರಾಗವಾಗಿ ಓಡಲೇಬೇಕು.

ವಾರಕ್ಕೊಮ್ಮೆ, ತಪ್ಪಿದರೆ ಹದಿನೈದು ದಿನಗಳಿಗೊಮ್ಮೆ, ಅರ್ಧ ಗಂಟೆ ನಿಜವಾಗಿ ಓಡಿಸುವುದೇ ಪರಿಹಾರ. ಭಾನುವಾರ ಬೆಳಿಗ್ಗೆ ಆರೂವರೆಗೆ ನವಿ ಮುಂಬಯಿಯವರಿಗೆ ಪಾಮ್ ಬೀಚ್ ರಸ್ತೆಯಿದೆ, ಥಾಣೆಯವರಿಗೆ ಘೋಡ್‌ಬಂದರ್ ರಸ್ತೆಯಿದೆ, ಡೊಂಬಿವಲಿ, ಕಲ್ಯಾಣ್‌ನವರಿಗೆ ಶೀಲ್ ರಸ್ತೆಯಿದೆ. ದಾರಿಯಲ್ಲಿ ಏಸಿ ಹಾಕಿ, ಎಲ್ಲ ಗಾಜುಗಳನ್ನು ಇಳಿಸಿ ಏರಿಸಿ, ವೈಪರ್ ಆಡಿಸಿ, ಗಾಳಿ ತುಂಬಿಸಿಕೊಂಡು ಬಂದರೆ ಆ ವಾರದ ಸೇವೆ ಪೂರ್ಣ. ಹಿರಿಯರನ್ನು ಜತೆಗೆ ಕರೆದೊಯ್ದರೆ ಅವರಿಗೂ ಒಂದಿಷ್ಟು ಹೊರಗಿನ ಗಾಳಿ.

ಊರಿಗೆ ಹೊರಡುವ ಮುನ್ನ

ತಿಂಗಳಿಗೂ ಹೆಚ್ಚು ಕಾಲ ಊರಿನಲ್ಲಿರುವವರು ಕಾರನ್ನು ತೊಳೆದು ಒಣಗಿಸಿ, ಟಯರಿಗೆ ಕೈಪಿಡಿಯಲ್ಲಿ ಸೂಚಿಸಿದಷ್ಟು ಗಾಳಿ ತುಂಬಿಸಿ ನಿಲ್ಲಿಸಬೇಕು. ನಂಬಿಕೆಯ ನೆರೆಯವರು ಓಡಿಸಬಲ್ಲವರಾದರೆ ಕೀಲಿಯನ್ನು ಅವರಲ್ಲಿ ಬಿಟ್ಟು, ಸೊಸೈಟಿಯ ಕಾರ್ಯದರ್ಶಿಯವರಿಗೂ ತಿಳಿಸಿರುವುದು ಒಳ್ಳೆಯದು. ಅದು ಸಾಧ್ಯವಾಗದಿದ್ದರೆ ಬ್ಯಾಟರಿಯ ಋಣ ತುದಿಯ, ಎಂದರೆ ಕಪ್ಪು ತಂತಿಯ, ಜೋಡಣೆ ಬಿಚ್ಚಿಡಬಹುದು. ಇದರಿಂದ ಗಡಿಯಾರ, ರೇಡಿಯೋ ಮುಂತಾದವುಗಳನ್ನು ಮತ್ತೆ ಹೊಂದಿಸಬೇಕಾಗುತ್ತದೆ, ರಿಮೋಟ್ ಬೀಗವೂ ಕೆಲಸ ಮಾಡದು. ಹೀಗಾಗಿ ಮೊದಲ ಬಾರಿ ಮೆಕ್ಯಾನಿಕರ ಎದುರಿನಲ್ಲೇ ಮಾಡಿ ಕಲಿಯುವುದು ಕ್ಷೇಮ.

ಕಾರು ನಿಂತರೂ ಕಾಗದಪತ್ರಗಳ ಕಾಲ ನಿಲ್ಲುವುದಿಲ್ಲ. ವಿಮೆಯ ಅವಧಿ ಮುಗಿದು 90 ದಿನಗಳೊಳಗೆ ನವೀಕರಿಸದಿದ್ದರೆ, ಕ್ಲೇಮು ಮಾಡದ ವರ್ಷಗಳಿಗಾಗಿ ದೊರೆತ ನೋ ಕ್ಲೇಮ್ ಬೋನಸ್ ಕಳೆದುಹೋಗುತ್ತದೆ. ಪಿಯುಸಿ ಪ್ರಮಾಣಪತ್ರದ ದಿನಾಂಕವನ್ನೂ ನೋಡಿಕೊಳ್ಳಬೇಕು. ಖಾಸಗಿ ಕಾರಿನ ನೋಂದಣಿ 15 ವರ್ಷಗಳಿಗೆ ಮುಗಿಯುತ್ತದೆ. ಮುಂದೆ ಐದೈದು ವರ್ಷಗಳಿಗೆ ನವೀಕರಿಸಿಕೊಳ್ಳಬೇಕು.

ಇಷ್ಟೆಲ್ಲ ಆರೈಕೆಗೆ ಬಿಡುವಿಲ್ಲ ಎನ್ನುವವರು, ತಮಗೆ ಕಾರು ಬೇಕೇ ಎಂಬುದನ್ನು ಮನೆಮಂದಿಯೊಡನೆ ಕುಳಿತು ಯೋಚಿಸುವುದರಲ್ಲಿ ಅವಮಾನವೇನಿಲ್ಲ. ಇದ್ದೂ ಓಡದ ಕಾರಿಗಿಂತ ಕರೆದೊಡನೆ ಬರುವ ರಿಕ್ಷಾ ಚಾಲಕನ ದೂರವಾಣಿ ಸಂಖ್ಯೆ, 108ರ ಆಂಬುಲೆನ್ಸ್ ಸೇವೆಯ ತಿಳಿವಳಿಕೆ ಹೆಚ್ಚು ಉಪಕಾರಿ. ಕಾರು ಇಟ್ಟುಕೊಂಡವರಿಗೂ ಇವೆರಡು ಇರಲಿ. ನಮ್ಮ ಮನೆಯಲ್ಲಿ ಈಗ ಭಾನುವಾರ ಬೆಳಗಿನ ಅರ್ಧ ಗಂಟೆ ಕಾರಿಗೆ ಮೀಸಲು. ಮುಂದಿನ ಸೀಟಿನಲ್ಲಿ ತಾಯಿಯವರು ಕುಳಿತಿರುತ್ತಾರೆ. ಕಾರು ಸ್ಟಾರ್ಟ್ ಆದೊಡನೆ, "ಹಾಂ, ಬಂತು" ಎನ್ನುತ್ತಾರೆ.