ವಾರಂಟ್ ಬೇಡದ ರಾಜದ್ರೋಹ

ರಾಜದ್ರೋಹ ಅಂದ ಕೂಡಲೇ ನಮಗೆ ನೆನಪಾಗೋದು ತಿಲಕರು, ಗಾಂಧೀಜಿ, ಬ್ರಿಟಿಷರ ಜೈಲು. 1870ರಲ್ಲಿ ಅವರು ಭಾರತೀಯ ದಂಡ ಸಂಹಿತೆಗೆ ಸೇರಿಸಿದ 124ಎ ಕಲಮು ಅದು. ಆದರೆ ಈ ಕಲಮಿಗೆ ನಿಜವಾಗಿ ಹಲ್ಲು ಬಂದದ್ದು ಬ್ರಿಟಿಷರು ಹೋಗಿ ಇಪ್ಪತ್ತಾರು ವರ್ಷ ಆದಮೇಲೆ. ಅದರ ಬಗ್ಗೆ ಮಾತಾಡೋರು ಕಡಿಮೆ.

ಮೊದಲು ಕೇದಾರನಾಥ ಸಿಂಗ್ ಅವರ ಕತೆ ನೋಡಿ. ಬಿಹಾರದ ಫಾರ್ವರ್ಡ್ ಕಮ್ಯುನಿಸ್ಟ್ ಪಕ್ಷದವರು. 1953ರ ಮೇ ತಿಂಗಳಲ್ಲಿ ಬರೌನಿಯಲ್ಲಿ ಭಾಷಣ ಮಾಡುತ್ತಾ, ಸಿಐಡಿ ನಾಯಿಗಳು ಈ ಸಭೆಯಲ್ಲೂ ಬಂದು ಕೂತಿವೆ ಅಂತ ಹೀಯಾಳಿಸಿದರು, ಕಾಂಗ್ರೆಸ್ಸಿನವರನ್ನು ಗೂಂಡಾಗಳು ಅಂದರು. ಒಂದು ವರ್ಷ ಕಠಿಣ ಸಜೆ ಆಯಿತು. 1962ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಹೇಳಿದ್ದು ಇಷ್ಟು: ಸರ್ಕಾರವನ್ನು ಕಟುವಾಗಿ ಬೈದರೆ ರಾಜದ್ರೋಹ ಅಲ್ಲ, ಹಿಂಸೆಗೆ ಪ್ರಚೋದನೆ ಅಥವಾ ಸಾರ್ವಜನಿಕ ಶಾಂತಿ ಕದಡುವ ಉದ್ದೇಶ ಇಲ್ಲವೇ ಪ್ರವೃತ್ತಿ ಇರಬೇಕು. ಒಳ್ಳೆಯ ತೀರ್ಪೇ. ಆದರೆ ಕಲಮು ಉಳಿಯಿತು, ಪಾಪ ಕೇದಾರನಾಥರ ಮೇಲ್ಮನವಿಯೂ ವಜಾ ಆಯಿತು!

ಈಗ ತಿರುವಿಗೆ ಬರೋಣ. ಬ್ರಿಟಿಷರ ಕಾಲದ ದಂಡ ಪ್ರಕ್ರಿಯಾ ಸಂಹಿತೆಯ ಪ್ರಕಾರ ಈ ಅಪರಾಧಕ್ಕೆ ಪೊಲೀಸರು ವಾರಂಟ್ ಇಲ್ಲದೆ ಯಾರನ್ನೂ ಬಂಧಿಸುವಂತಿರಲಿಲ್ಲ. 1973ರಲ್ಲಿ ಹೊಸ ಸಂಹಿತೆ ಬಂತು, 1974ರ ಏಪ್ರಿಲ್ 1ರಿಂದ ಜಾರಿಯಾಯಿತು. ಅದರ ಕೊನೆಯಲ್ಲಿರುವ ಪಟ್ಟಿಯಲ್ಲಿ 124ಎ ಎದುರು 'ಸಂಜ್ಞೇಯ' ಅಂತ ಬಿತ್ತು. ಅಂದರೆ ವಾರಂಟ್ ಬೇಡ, ಠಾಣೆಯವರೇ ಹಿಡಿದು ತರಬಹುದು. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದರೆ, ಕೋಡ್ ಮುಟ್ಟಲಿಲ್ಲ, ಪರ್ಮಿಷನ್ ಟೇಬಲ್ ಬದಲಾಯಿಸಿದರು ಅಷ್ಟೇ. ಇನ್ನೊಂದು ವಿಚಿತ್ರ: ಕೋರ್ಟು ಈ ಕೇಸನ್ನು ವಿಚಾರಣೆಗೆ ತಗೋಬೇಕಾದರೆ ಸರ್ಕಾರದ ಪೂರ್ವಾನುಮತಿ ಬೇಕು. ಬಂಧಿಸೋಕೆ ಬೇಡ!

ಇದರ ಫಲ ಏನಾಯಿತು? 1984ರ ಅಕ್ಟೋಬರ್ 31, ಇಂದಿರಾ ಗಾಂಧಿ ಹತ್ಯೆಯಾದ ದಿನ. ಚಂಡೀಗಢದಲ್ಲಿ ಒಂದೆರಡು ಸಲ ಖಲಿಸ್ತಾನ್ ಪರ ಘೋಷಣೆ ಕೂಗಿದರು ಅಂತ ಇಬ್ಬರು ಸರ್ಕಾರಿ ನೌಕರರ ಬಂಧನವಾಯಿತು. ಸುಪ್ರೀಂ ಕೋರ್ಟು ಅವರನ್ನು ಖುಲಾಸೆ ಮಾಡಿದ್ದು 1995ರಲ್ಲಿ. ಬಂಧಿಸಿದ ಪೊಲೀಸರಿಗೆ ಪ್ರಬುದ್ಧತೆ ಸಾಲದು ಅಂತಲೂ ಹೇಳಿತು. ಹೇಳುವ ಹೊತ್ತಿಗೆ ಹತ್ತು ವರ್ಷ ಕಳೆದಿತ್ತು.

ದೂರ ಯಾಕೆ, ನಮ್ಮ ಬೀದರ್ ತಗೊಳ್ಳಿ. 2020ರ ಜನವರಿಯಲ್ಲಿ ಒಂದು ಶಾಲೆಯ ಮಕ್ಕಳು ಪೌರತ್ವ ಕಾಯ್ದೆಯ ಬಗ್ಗೆ ನಾಟಕ ಆಡಿದರು. ಪ್ರಧಾನಿಗೆ ಅವಮಾನವಾಗಿದೆ ಅಂತ ದೂರು ಬಂತು, ರಾಜದ್ರೋಹದ ಎಫ್‌ಐಆರ್ ಆಯಿತು. ಪೊಲೀಸರು ದಿನಗಟ್ಟಲೆ ಶಾಲೆಗೆ ಬಂದು ಮಕ್ಕಳನ್ನೇ ವಿಚಾರಿಸಿದರು. ಮುಖ್ಯ ಶಿಕ್ಷಕಿ ಮತ್ತು ಒಂದು ಮಗುವಿನ ತಾಯಿ ಸುಮಾರು ಎರಡು ವಾರ ಜೈಲಿನಲ್ಲಿದ್ದರು. 2023ರ ಜೂನ್‌ನಲ್ಲಿ ನಮ್ಮ ಹೈಕೋರ್ಟು, ಇದು ರಾಜದ್ರೋಹ ಅಲ್ಲ ಅಂತ ಕೇಸು ರದ್ದು ಮಾಡಿತು. ಕಾರಣ? ಅದೇ 1962ರ ತೀರ್ಪಿನ ಮಾತು. ಅಂದರೆ ಆ ಮಾತು ದೆಹಲಿಯಿಂದ ಬೀದರ್ ಠಾಣೆಗೆ ಬರಲು ಅರವತ್ತು ವರ್ಷ ಸಾಲಲಿಲ್ಲ.

2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು 124ಎ ಕಲಮನ್ನು ತಡೆಹಿಡಿಯಿತು. 2024ರ ಜುಲೈ 1ರಿಂದ ದಂಡ ಸಂಹಿತೆಯೇ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ಅದರಲ್ಲಿ ರಾಜದ್ರೋಹ ಎಂಬ ಪದ ಇಲ್ಲ, 152ನೇ ಕಲಮು ಇದೆ. ಅದಕ್ಕೂ ವಾರಂಟ್ ಬೇಡ. 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು, ಮಾತು-ಬರಹದ ಪ್ರಕರಣಗಳಲ್ಲಿ ಎಫ್‌ಐಆರ್‌ಗೆ ಮೊದಲು ಪ್ರಾಥಮಿಕ ವಿಚಾರಣೆ ನಡೆಸುವುದು ಸೂಕ್ತ ಅಂದಿತು. ಆದರೆ ಅದು ಅನ್ವಯವಾಗೋದು ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಿಗೆ. 152ಕ್ಕೆ ಜೀವಾವಧಿವರೆಗೂ ಶಿಕ್ಷೆ ಇರೋದರಿಂದ ಅದು ಹೊರಗೇ ಉಳಿಯಿತು.

ಕಲಮಿನ ಹೆಸರು ಏನು ಅಂತ ಚರ್ಚೆ ಮಾಡಿದ್ದು ಸಾಕು ಅನ್ನಿಸುತ್ತೆ. ಪಟ್ಟಿಯಲ್ಲಿ 'ವಾರಂಟ್ ಬೇಕು' ಅಂತ ವಾಪಸ್ ಬರೆದರೆ, ಅರ್ಧ ಸಮಸ್ಯೆ ಠಾಣೆಯ ಬಾಗಿಲಲ್ಲೇ ನಿಲ್ಲುತ್ತೆ. ಬ್ರಿಟಿಷರೇ ಕೊಟ್ಟಿದ್ದ ರಕ್ಷಣೆ ಸ್ವಾಮಿ ಅದು. ನಾವು ಯಾಕೆ ಕೊಡಬಾರದು?

ನೀವೇನಂತೀರಿ?